ಎಂಟನೇ ಗೋಪುರಕ್ಕೆ ನಿಂತ ಕಸೂತಿ ಸೀರೆ: ಮುಗಿಸಲೋ, ಬಿಡಲೋ?

ಓದುಗರ ಪ್ರಶ್ನೆ: ನನಗೆ 46 ವರ್ಷ, ಊರು ದಾವಣಗೆರೆ. ನಾಲ್ಕು ವರ್ಷದ ಹಿಂದೆ ಮಗಳ ಮದುವೆಗೆ ಇರಲಿ ಎಂದು ಕಪ್ಪು ಇಳಕಲ್ ಸೀರೆ ತಂದೆ. ಸೆರಗಿನ ಪಕ್ಕದ ಒಡಲಲ್ಲಿ, ಎಣಿಸಿ ಹೊಲಿಯಲು ಮೇಲೆ ನೆಟ್ ಬಟ್ಟೆ ಹಾಕಿಕೊಂಡು ಗವಂತಿ ಕಸೂತಿ ಶುರು ಮಾಡಿದೆ. ಸಾಲಿಗೆ 8ರಂತೆ 3 ಸಾಲು, ಒಟ್ಟು 24 ಗೋಪುರ ಹಾಕುವ ಯೋಚನೆ ಇತ್ತು. ಒಂದೊಂದಕ್ಕೆ ಸುಮಾರು 6 ಗಂಟೆ ಹಿಡಿಯುತ್ತಿತ್ತು. 7 ಚೆನ್ನಾಗಿ ಬಂದವು. ಎಂಟನೆಯದರಲ್ಲಿ ಹೋಗುವ ಹೊಲಿಗೆ ಮುಗಿಯಿತು. ವಾಪಸು ಬರುವಾಗ ಬಲಗಡೆ ಒಂದು ಜಾಗದಲ್ಲಿ ಕೂಡಲೇ ಇಲ್ಲ. ಅವತ್ತು ಮಡಚಿಟ್ಟವಳು ಮತ್ತೆ ಕೈಗೆತ್ತಿಕೊಂಡಿಲ್ಲ. ಇಂಥ ಅರ್ಧಂಬರ್ಧ ಕೆಲಸ ಮನೆಯಲ್ಲಿ ಇನ್ನೂ ಇವೆ: ಭಜನೆಗೆ ಕಲಿಯೋಣ ಎಂದು ತಂದ ಹಾರ್ಮೋನಿಯಂ, ಶಾಲೆಯ ಕಾಲದ ಅಂಚೆಚೀಟಿ ಆಲ್ಬಮ್. ಅತ್ತೆ "ಹಿಡಿದ ಕೆಲಸ ಬಿಡಬಾರದು" ಅನ್ನುತ್ತಾರೆ. ನಾದಿನಿ "ಮಷಿನ್‌ನಲ್ಲಿ ಹಾಕಿಸಿದರೆ ಒಂದೇ ದಿನ, ಸುಮ್ನೆ ಕಣ್ಣು ಹಾಳು" ಅನ್ನುತ್ತಾಳೆ. ಬೀಗರಾಗುವವರು ಕಪ್ಪು ಸೀರೆ ಮದುವೆಗೆ ಆಗಲ್ಲ ಅಂದಿದ್ದಾರೆ. ಮದುವೆಗೆ ಇನ್ನು 8 ತಿಂಗಳಿದೆ. ಮುಗಿಸಲೋ, ಬಿಡಲೋ? ನನ್ನ ಸ್ವಭಾವದಲ್ಲೇ ಏನಾದರೂ ಕೊರತೆ ಇದೆಯಾ?

ಉತ್ತರ:

ಸ್ವಭಾವದ ವಿಚಾರ ಆಮೇಲೆ ನೋಡೋಣ. ಮೊದಲು ಸೀರೆ ಹೊರಗೆ ತೆಗೆಯಿರಿ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. "ಬೇಸರವಾಗಿ ಬಿಟ್ಟೆ" ಎಂದು ನೀವು ಬರೆದಿಲ್ಲ. "ಬಲಗಡೆ ಒಂದು ಜಾಗದಲ್ಲಿ ಕೂಡಲಿಲ್ಲ" ಎಂದು ಬರೆದಿದ್ದೀರಿ. ಏಳು ಗೋಪುರ, ಹೆಚ್ಚುಕಮ್ಮಿ 42 ಗಂಟೆ ಕೂತು ಹಾಕಿದವರಿಗೆ ಸೋಮಾರಿ ಅನ್ನುವುದು ಹೇಗೆ? ಕಸೂತಿ ಕಲಿಯಲು ಬರುವವರ ಚೀಲದಲ್ಲಿ ಇಂಥ ಅರ್ಧ ಕೆಲಸಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಿಚ್ಚಿ ನೋಡಿದರೆ ಸೂಜಿ ನಿಂತ ಜಾಗದಲ್ಲೇ ಕಾರಣವೂ ಸಿಗುತ್ತದೆ. ಎಣಿಕೆ ತಪ್ಪಿರುತ್ತದೆ, ಇಲ್ಲ ಒಂದು ಬಣ್ಣದ ದಾರ ಖಾಲಿಯಾಗಿರುತ್ತದೆ, ಇಲ್ಲ ಕಣ್ಣು ಕೈ ಕೊಟ್ಟಿರುತ್ತದೆ. ಆ ಒಂದು ಗೊಂದಲ ಬಿಡಿಸದೆ ಬಟ್ಟೆ ಮಡಚಿಡುತ್ತಾರೆ. ವರ್ಷ ಕಳೆದ ಮೇಲೆ ಕಾರಣ ಮರೆತುಹೋಗಿ, ತಾನು ಯಾವುದನ್ನೂ ಮುಗಿಸದವಳು ಅನ್ನುವುದಷ್ಟೇ ನೆನಪಿನಲ್ಲಿ ಉಳಿಯುತ್ತದೆ.

ಹಾಗಾಗಿ ಎಲ್ಲಿ ನಿಂತಿತು ಅನ್ನುವುದನ್ನೇ ಹಿಡಿಯೋಣ.

ಗವಂತಿ ನಿಮಗೆ ಗೊತ್ತಿದೆ, ಆದರೂ ಇದನ್ನು ಓದುವ ಬೇರೆಯವರಿಗಾಗಿ ಎರಡು ಮಾತು. ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ಗವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬರುವಾಗ ಅದೇ ದಾರಿಯಲ್ಲಿ ಬಂದು, ಬಿಟ್ಟ ಜಾಗಗಳನ್ನು ತುಂಬಿಸಬೇಕು. ಗಂಟು ಹಾಕುವ ಹಾಗಿಲ್ಲ. ಮುಗಿದ ಮೇಲೆ ಬಟ್ಟೆಯ ಎರಡೂ ಮುಖ ಒಂದೇ ಥರ ಕಾಣಬೇಕು.

ಈಗ ನಿಮ್ಮ ತೊಂದರೆಗೆ ಬರೋಣ. ಗವಂತಿಯಲ್ಲಿ ಬಿಡಿಬಿಡಿಯಾಗಿರದೆ ಒಂದಕ್ಕೊಂದು ಅಂಟಿಕೊಂಡಿರುವ ಯಾವ ನಕ್ಷೆಯಾದರೂ ಸರಿ, ಹೊರಟ ಜಾಗಕ್ಕೆ ವಾಪಸು ಬರಲೇಬಹುದು. ಇದು ಬರೀ ಅನುಭವದ ಮಾತಲ್ಲ, ಲೆಕ್ಕದ ಆಧಾರವೂ ಇದೆ. ಲಿಯೊನಾರ್ಡ್ ಆಯ್ಲರ್ ಎಂಬ ಗಣಿತಜ್ಞ 1736ರ ಸುಮಾರಿಗೆ ಕೋನಿಗ್ಸ್‌ಬರ್ಗ್ ಎಂಬ ಊರಿನ 7 ಸೇತುವೆಗಳ ಸಮಸ್ಯೆ ಬಿಡಿಸಿದ. ಪ್ರತಿ ಸೇತುವೆಯನ್ನೂ ಒಂದೊಂದೇ ಸಲ ದಾಟಿ ಊರೆಲ್ಲ ಸುತ್ತಲು ಅಲ್ಲಿ ಆಗದು ಎಂದು ತೋರಿಸಿದ. ಒಂದು ಜಾಗದಲ್ಲಿ ಬೆಸಸಂಖ್ಯೆಯ ದಾರಿಗಳು ಸೇರಿದರೆ, ಅಲ್ಲಿಗೆ ಹೋದವನು ಯಾವಾಗಲೋ ಸಿಕ್ಕಿಬೀಳುತ್ತಾನೆ ಅನ್ನುವುದು ಅದರ ಸಾರ. ಗವಂತಿಯಲ್ಲಿ ಪ್ರತಿ ಗೆರೆಯ ಮೇಲೂ ಎರಡು ಸಲ ನಡೆಯುತ್ತೇವೆ. ಎರಡರಿಂದ ಗುಣಿಸಿದ ಮೇಲೆ ಬೆಸಸಂಖ್ಯೆ ಉಳಿಯುವುದೇ ಇಲ್ಲ. ಅದಕ್ಕೇ ಸಿಕ್ಕಿಬೀಳುವ ಪ್ರಶ್ನೆ ಇಲ್ಲ. ಧಾರವಾಡ, ಹುಬ್ಬಳ್ಳಿ ಕಡೆಯ ಹೆಣ್ಣುಮಕ್ಕಳು ಯಾವ ಗಣಿತಜ್ಞನನ್ನೂ ಕೇಳದೆ ಇದನ್ನು ಕೈಯಲ್ಲೇ ಮಾಡುತ್ತಾ ಬಂದಿದ್ದಾರೆ.

ಅಂದರೆ ನಕ್ಷೆಯಲ್ಲಿ ತಪ್ಪಿಲ್ಲ. ಏಳು ಸಲ ಕೂಡಿದ್ದು ಎಂಟನೇ ಸಲ ಕೂಡಲಿಲ್ಲ ಅಂದರೆ ಎರಡೇ ಕಾರಣ ಇರಬಹುದು. ಒಂದು, ನೆಟ್ ಜರುಗಿದೆ. ಇನ್ನೊಂದು, ಎಲ್ಲೋ ನೆಟ್‌ನ ಒಂದು ಕಣ್ಣು, ಅಂದರೆ ತೂತು, ಜಾಸ್ತಿ ಅಥವಾ ಕಮ್ಮಿ ಎಣಿಸಿದ್ದೀರಿ.

ಯಾವುದು ಎಂದು ಕಂಡುಹಿಡಿಯುವುದು ಸುಲಭ. ನೆಟ್ ಜರುಗಿದ್ದರೆ ವಾಪಸು ಬಂದ ಹೊಲಿಗೆ ಎಲ್ಲವೂ ಒಂದೇ ಕಡೆಗೆ ಸ್ವಲ್ಪ ಸರಿದಿರುತ್ತವೆ. ಬಟ್ಟೆ ತಿರುಗಿಸಿ ನೋಡಿದರೆ ಒಂದೊಂದು ಮೂಲೆಯಲ್ಲೂ ಅಕ್ಕಪಕ್ಕ ಎರಡೆರಡು ತೂತು ಕಾಣುತ್ತವೆ. ಎಣಿಕೆ ತಪ್ಪಿದ್ದರೆ ಉಳಿದದ್ದೆಲ್ಲ ಸರಿ ಇದ್ದು, ಒಂದು ಕಡೆ ಮಾತ್ರ ತುದಿಗೆ ತುದಿ ಸೇರುವುದಿಲ್ಲ. ನೀವು "ಬಲಗಡೆ ಒಂದು ಜಾಗ" ಎಂದಿದ್ದೀರಿ. ಹಾಗಾಗಿ ಎಣಿಕೆಯೇ ಇರಬೇಕು.

ಗೋಪುರಕ್ಕೆ ನಡುವಿನ ಗೆರೆ ಇದೆಯಲ್ಲ, ಕಳಸದಿಂದ ಕೆಳಗೆ? ಆ ಗೆರೆಯಿಂದ ಎಡಕ್ಕೆ ಎಷ್ಟು ಕಣ್ಣು, ಬಲಕ್ಕೆ ಎಷ್ಟು ಕಣ್ಣು, ಮೆಟ್ಟಿಲು ಮೆಟ್ಟಿಲಾಗಿ ಎಣಿಸುತ್ತಾ ಕೆಳಗೆ ಬನ್ನಿ. ಬೆರಳಿನಿಂದ ಬೇಡ, ಸೂಜಿಯ ಹಿಂಬದಿಯಿಂದ ಎಣಿಸಿ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಬಂದ ಮೊದಲನೇ ಮೆಟ್ಟಿಲಲ್ಲೇ ತಪ್ಪು ಇರುತ್ತದೆ. ಅದರ ಕೆಳಗಿನ ತಪ್ಪೆಲ್ಲ ಅದರಿಂದಲೇ ಹುಟ್ಟಿದ್ದು.

ಬಿಚ್ಚುವುದು ಎಂದರೆ ಹೆದರಬೇಡಿ, ಇಡೀ ಗೋಪುರ ಬಿಚ್ಚಬೇಕಿಲ್ಲ. ಸೂಜಿ ನಿಂತ ಜಾಗದಿಂದ ಹಿಂದಕ್ಕೆ, ತಪ್ಪಿದ ಮೆಟ್ಟಿಲಿಗೆ ಮುಂಚಿನ ಕವಲಿನವರೆಗೆ ಬಿಚ್ಚಿದರೆ ಸಾಕು. ದಾರದ ತುದಿ ಹಿಡಿದು ಎಳೆಯಬೇಡಿ. ರೇಷ್ಮೆ ಮಿಶ್ರಿತ ಬಟ್ಟೆಯಲ್ಲಿ ಎಳೆದರೆ ನೇಯ್ಗೆಯೇ ಸರಿದುಹೋಗುತ್ತದೆ. ಹಿಂಬದಿಯಲ್ಲಿ ಎರಡು ಮೂರು ಹೊಲಿಗೆಗೊಮ್ಮೆ ಸಣ್ಣ ಕತ್ತರಿಯಿಂದ ದಾರ ಕತ್ತರಿಸಿ, ಮುಂಬದಿಯಿಂದ ಚಿಮುಟದಲ್ಲಿ ತುಂಡು ತುಂಡಾಗಿ ತೆಗೆಯಿರಿ. ಹೊಸ ದಾರದ ತುದಿ ಸಿಕ್ಕಿಸಲು ಮೂರು ಬೆರಳಷ್ಟು ಹಳೆಯ ದಾರ ಉಳಿಯುವಂತೆ ನೋಡಿಕೊಳ್ಳಿ. ತೂತು ಉಳಿದರೆ ಸೂಜಿಯ ಮೊನೆಯಿಂದ ಎಳೆಗಳನ್ನು ಮೆಲ್ಲಗೆ ಸರಿಸಿ, ಹಿಂಬದಿಯಿಂದ ಸ್ವಲ್ಪ ಹಬೆ ಕೊಡಿ. ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತವೆ.

ಮತ್ತೆ ಶುರು ಮಾಡುವ ಮುಂಚೆ ಒಂದು ಕೆಲಸ ಮಾಡಿ. ಬೇರೆ ಬಣ್ಣದ, ಎದ್ದು ಕಾಣುವ ಹೊಲಿಗೆ ದಾರದಿಂದ ನೆಟ್ ಮೇಲೆ 10 ಕಣ್ಣಿಗೊಂದರಂತೆ ಅಡ್ಡ, ಉದ್ದ ಕಚ್ಚಾ ಹೊಲಿಗೆ ಹಾಕಿ. ಇದರಿಂದ ನೆಟ್ ಜರುಗುವುದಿಲ್ಲ, ಎಣಿಕೆಯೂ ತಪ್ಪುವುದಿಲ್ಲ. 63 ಎಣಿಸುವ ಬದಲು 6 ಚೌಕ, ಮೇಲೆ 3 ಕಣ್ಣು ಎಣಿಸಿದರಾಯಿತು. ಈ ಚೌಕಕ್ಕೆ ಒಂದು ಸಂಜೆ ಹೋಗುತ್ತದೆ, ಅದಕ್ಕೇ ಎಲ್ಲರೂ ಬಿಡುತ್ತಾರೆ. ಏಳು ಗೋಪುರ ಇದಿಲ್ಲದೆ ಸರಿ ಬಂದವಲ್ಲ ಎಂದು ನೀವು ಕೇಳಬಹುದು. ನಿಜ, ಆಗ ಕಣ್ಣು ಚೆನ್ನಾಗಿತ್ತು.

ಕವಲಿನ ಬಗ್ಗೆಯೂ ಹೇಳಿಬಿಡುತ್ತೇನೆ. ಗೋಪುರದ ಅಂಚಿನಲ್ಲಿ ಹೊರಚಾಚಿದ ಸಣ್ಣ ಕೊಂಬೆಗಳಿರುತ್ತವೆ. ಅವನ್ನು ವಾಪಸು ಬರುವಾಗ ಮಾಡೋಣ ಎಂದು ಬಿಟ್ಟು ಹೋಗಬೇಡಿ. ಕೊಂಬೆ ಸಿಕ್ಕ ತಕ್ಷಣ ತುದಿಯವರೆಗೆ ಹೋಗಿ, ಅದೇ ದಾರಿಯಲ್ಲಿ ಬುಡಕ್ಕೆ ಬಂದು, ಆಮೇಲೆ ಮುಂದೆ ಹೋಗಿ. ಒಂದೇ ಹೊಲಿಗೆಯ ಕೊಂಬೆಯಾದರೆ ಮೇಲೆ ಹೋಗಿ ಕೆಳಗಿಂದ ಬಂದಿರಿ, ಎರಡೂ ಮುಖ ತುಂಬಿತು. ಎರಡು ಹೊಲಿಗೆಯದಾದರೂ ಅಷ್ಟೇ: ಹೋಗುವಾಗ ಮೇಲೆ, ಕೆಳಗೆ. ಬರುವಾಗ ಮೇಲೆ, ಕೆಳಗೆ. ಕೊಂಬೆ ಎಷ್ಟೇ ಉದ್ದವಿರಲಿ, ಹೋಗಿ ಬಂದ ಹೊಲಿಗೆಗಳ ಮೊತ್ತ ಸಮಸಂಖ್ಯೆಯೇ ಆಗುತ್ತದೆ. ಹಾಗಾಗಿ ಮುಖ್ಯ ದಾರಿಯ ಮೇಲೆ-ಕೆಳಗೆ ಲಯ ಕೆಡುವುದಿಲ್ಲ. ವಾಪಸು ಬರುವಾಗ ನೆಟ್ಟಗೆ ಮುಖ್ಯ ದಾರಿ ಹಿಡಿದು ಬಂದರಾಯಿತು. ಬಿಟ್ಟುಹೋದ ಕೊಂಬೆಗಳನ್ನು ಹುಡುಕುವ ಗೋಳೇ ಇರುವುದಿಲ್ಲ.

ಈಗ ಕಣ್ಣಿನ ಮಾತು. ನೀವು ನಿಲ್ಲಿಸಿದ್ದು 42ರಲ್ಲಿ. ಆ ವಯಸ್ಸಿನ ಆಸುಪಾಸಿನಲ್ಲೇ ಚಾಳೀಸು ಶುರುವಾಗುತ್ತದೆ. ಕಣ್ಣಿನೊಳಗಿನ ಮಸೂರ ಮೊದಲಿನಷ್ಟು ಬಾಗುವುದಿಲ್ಲ, ಹತ್ತಿರದ್ದು ಮಸುಕಾಗುತ್ತದೆ. ಸೂಜಿಗೆ ದಾರ ಪೋಣಿಸುವಾಗ ಕೈ ದೂರ ಚಾಚುತ್ತಿದ್ದೀರಾ? ಮೊಬೈಲ್ ಓದುವಾಗ? ಹೌದಾದರೆ ನಿಮ್ಮ ಎಂಟನೇ ಗೋಪುರ ಯಾಕೆ ತಪ್ಪಿತು ಎಂದು ಬೇರೆ ಹೇಳಬೇಕಿಲ್ಲ. ನಾದಿನಿ ಹೇಳಿದಂತೆ ಕಸೂತಿಯಿಂದ ಕಣ್ಣು ಹಾಳಾಗುವುದಿಲ್ಲ. ಸೂಕ್ಷ್ಮ ಕೆಲಸದಿಂದ ಕಣ್ಣು ದಣಿಯುತ್ತದೆ, ಅಷ್ಟೇ. ಚಾಳೀಸು ಕಸೂತಿ ಹಾಕದವರಿಗೂ ಬರುತ್ತದೆ.

ಕನ್ನಡಕ ಮಾಡಿಸಲು ಹೋಗುವಾಗ ಒಂದು ತುಂಡು ನೆಟ್ ಬಟ್ಟೆ, ಸೂಜಿ ಜೊತೆಗೆ ಒಯ್ಯಿರಿ. ನೀವು ಕೂತು ಹೊಲಿಯುವ ದೂರ ಎಷ್ಟು ಎಂದು ಅವರಿಗೆ ತೋರಿಸಿ. ಪುಸ್ತಕ ಓದುವ ದೂರ ಸುಮಾರು 40 ಸೆಂಟಿಮೀಟರ್. ಅದಕ್ಕೆ ಸರಿಹೊಂದಿಸಿದ ನಂಬರ್ ಕಸೂತಿಗೆ ಕೆಲವರಿಗೆ ಸಾಲುವುದಿಲ್ಲ, ಯಾಕೆಂದರೆ ಬಟ್ಟೆಯನ್ನು ಇನ್ನೂ ಹತ್ತಿರ ಹಿಡಿದಿರುತ್ತಾರೆ.

ಕಪ್ಪು ಬಟ್ಟೆಗೆ ಇನ್ನೊಂದು ಉಪಾಯ ಇದೆ. ತೊಡೆಯ ಮೇಲೆ ಬಿಳಿ ಟವೆಲ್ ಅಥವಾ ಹಳೆಯ ಧೋತರ ಹಾಸಿಕೊಂಡು, ಅದರ ಮೇಲೆ ಸೀರೆ ಇಟ್ಟುಕೊಂಡು ಹೊಲಿಯಿರಿ. ಕೆಳಗಿನ ಬಿಳುಪು ಎಳೆಗಳ ಸಂದಿಯಿಂದ ಕಾಣುತ್ತದೆ, ತೂತುಗಳು ತಾವಾಗಿ ಗೊತ್ತಾಗುತ್ತವೆ. ಬಲಗೈಯಲ್ಲಿ ಹೊಲಿಯುವವರಾದರೆ ದೀಪ ಎಡಗಡೆ ಇರಲಿ, ಇಲ್ಲದಿದ್ದರೆ ನಿಮ್ಮ ಕೈಯ ನೆರಳೇ ಹೊಲಿಗೆಯ ಮೇಲೆ ಬೀಳುತ್ತದೆ. ನೆಟ್ ಮೇಲೆ ಹೊಲಿಯುವಾಗ ಚೂಪು ಸೂಜಿ ಬಳಸಿ, ಆದರೆ ನೆಟ್‌ನ ಎಳೆಯನ್ನು ಚುಚ್ಚದೆ ಕಣ್ಣಿನೊಳಗೇ ಇಳಿಸಿ. ಎಳೆಗೆ ಚುಚ್ಚಿದರೆ ಕೊನೆಗೆ ನೆಟ್ ಬಿಡಿಸುವಾಗ ಅದು ಬರುವುದಿಲ್ಲ, ಬಲವಂತ ಮಾಡಿದರೆ ಕಸೂತಿಯೇ ಕಿತ್ತು ಬರುತ್ತದೆ. ಮೊಂಡು ಮೂತಿಯ ಸೂಜಿ, ನೆಟ್ ಇಲ್ಲದೆಯೇ ಎಳೆ ಎಣಿಸಬಹುದಾದ ಮ್ಯಾಟಿ ಬಟ್ಟೆಗೆ ಸರಿ.

ಸೀರೆ ಬಿಚ್ಚಿದಾಗ ಇನ್ನೆರಡು ನೋಡಿ. ನಾಲ್ಕು ವರ್ಷ ಒಂದೇ ಮಡಿಕೆಯಲ್ಲಿ ಇಟ್ಟಿದ್ದರೆ ಮಡಿಕೆಯ ಗೆರೆಯಲ್ಲಿ ರೇಷ್ಮೆ ಸೀಳುವ ಅಪಾಯ ಇರುತ್ತದೆ. ಬೆಳಕಿಗೆ ಹಿಡಿದು ನೋಡಿ, ಬೇರೆ ಜಾಗದಲ್ಲಿ ಮಡಚಿ. ಪ್ಲಾಸ್ಟಿಕ್ ಕವರಿನಲ್ಲಿದ್ದರೆ ತೆಗೆದು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಇನ್ನೊಂದು, ಸೂಜಿ. ಅವತ್ತು ಬೇಸರದಲ್ಲಿ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ ಇಟ್ಟಿದ್ದೀರಾ? ಅರ್ಧಕ್ಕೆ ಬಿಟ್ಟ ಕಸೂತಿಯಲ್ಲಿ ಜಾಸ್ತಿ ಕಾಣುವ ಗಾಯ ಅದೇ. ಮಳೆಗಾಲ ಕಳೆದರೆ ಸೂಜಿಗೆ ತುಕ್ಕು ಹಿಡಿದು ಕಂದು ಕಲೆ ಕೂರುತ್ತದೆ. ಬಿಳಿ ಹತ್ತಿಯಾದರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ನೋಡಬಹುದು. ಬಣ್ಣದ ರೇಷ್ಮೆಗೆ ಅದನ್ನು ಮಾಡಲು ಹೋಗಬೇಡಿ, ಬಣ್ಣವೇ ಹೋಗುತ್ತದೆ. ಕಪ್ಪಿನ ಮೇಲೆ ಕಲೆ ಅಷ್ಟಾಗಿ ಕಾಣುವುದಿಲ್ಲ, ಕಂಡರೆ ಅದರ ಮೇಲೆ ಒಂದು ರುದ್ರಾಕ್ಷಿ ನಕ್ಷೆ ಹೊಲಿದುಬಿಡಿ. ಬಟ್ಟೆ ಬಿಗಿಯುವ ಬಳೆ (ಹೂಪ್) ಬಿಗಿದೇ ಇಟ್ಟಿದ್ದರೆ ಬಿದ್ದ ಉಂಗುರದ ಗುರುತಿಗೆ ಹಬೆ ಸಾಕು.

ಇನ್ನು ಮುಖ್ಯ ಪ್ರಶ್ನೆ, ಮುಗಿಸಲೋ ಬಿಡಲೋ.

ಲೆಕ್ಕ ಹಾಕೋಣ. ಎಂಟನೆಯದರ ಉಳಿದರ್ಧಕ್ಕೆ 3 ಗಂಟೆ, ಇನ್ನೂ 16 ಗೋಪುರಕ್ಕೆ 96 ಗಂಟೆ. ಒಟ್ಟು 99 ಗಂಟೆ. ದಿನಕ್ಕೆ ಅರ್ಧ ಗಂಟೆ ಕೂತರೆ 198 ದಿನ, ಅಂದರೆ ಆರೂವರೆ ತಿಂಗಳು. ನಿಮ್ಮ ಹತ್ತಿರ ಇರುವುದು 8 ತಿಂಗಳು. ಕಾಗದದ ಮೇಲೆ ಸರಿಹೋಗುತ್ತದೆ. ಆದರೆ ಮದುವೆ ಮನೆ. ಛತ್ರ, ಅಡುಗೆಯವರು, ಜವಳಿ, ಪತ್ರಿಕೆ ಹಂಚುವುದು, ಇವೆಲ್ಲದರ ನಡುವೆ ಒಂದು ದಿನವೂ ತಪ್ಪದೆ ಅರ್ಧ ಗಂಟೆ ಕೂರುತ್ತೀರಾ? ನನಗೆ ನಂಬಿಕೆ ಇಲ್ಲ. ಹಾಗೆ ಕೂತರೆ ಆ ಕಸೂತಿಯ ಮೇಲೆ ನಿಮಗೇ ಸಿಟ್ಟು ಬರುತ್ತದೆ.

ಹಾಗೆಂದು ಬಿಡುವುದೂ ಬೇಡ. ಯೋಜನೆಯನ್ನು ಚಿಕ್ಕದು ಮಾಡಿ. ಇದಕ್ಕೆ ನಮ್ಮ ಸಂಪ್ರದಾಯದಲ್ಲೇ ದಾರಿ ಇದೆ. ಹಳೆಯ ಕಸೂತಿ ಸೀರೆ ಯಾರ ಮನೆಯಲ್ಲಾದರೂ ಇದ್ದರೆ ಬಿಡಿಸಿ ನೋಡಿ. ಸೆರಗಿನ ಹತ್ತಿರ ಗೋಪುರ, ತೇರು, ಆನೆ ಅಂಬಾರಿಯಂಥ ದೊಡ್ಡ ಚಿತ್ರಗಳು ಒತ್ತೊತ್ತಾಗಿ ಇರುತ್ತವೆ. ಸೆರಗಿನಿಂದ ದೂರ ಹೋದಂತೆ ಚಿತ್ರಗಳು ಸಣ್ಣವಾಗುತ್ತಾ, ವಿರಳವಾಗುತ್ತಾ ಹೋಗುತ್ತವೆ. ಮೂರು ಸಾಲೂ ಒಂದೇ ಗೋಪುರ, ಒಂದೇ ಅಳತೆ ಅನ್ನುವುದು ನಿಮ್ಮ ಯೋಚನೆ. ಕೆಟ್ಟದ್ದಲ್ಲ, ಆದರೆ ನನ್ನನ್ನು ಕೇಳಿದರೆ ಮುಗಿದಿದ್ದರೂ ಸ್ವಲ್ಪ ಭಾರವಾಗಿಯೇ ಕಾಣುತ್ತಿತ್ತು.

ಹೀಗೆ ಮಾಡಿ. ಎಂಟನೆಯದನ್ನು ಸರಿಪಡಿಸಿ ಮೊದಲ ಸಾಲು ಪೂರ್ತಿ ಮಾಡಿ. ಎರಡನೇ ಸಾಲಿನಲ್ಲಿ ಗೋಪುರದ ಬದಲು ತುಳಸಿಕಟ್ಟೆ, ಅದೂ 5 ಮಾತ್ರ, ದೂರ ದೂರ. ಸಣ್ಣ ಅಳತೆಯದಾದರೆ ಒಂದಕ್ಕೆ 2 ಗಂಟೆ ಸಾಕು. ಅದರಾಚೆ ಸಾಲೇ ಬೇಡ. ಅಲ್ಲೊಂದು ಇಲ್ಲೊಂದು ಚೆಲ್ಲಿದಂತೆ 20 ಚಿಕ್ಕಿ (ಪುಟ್ಟ ನಕ್ಷತ್ರ) ಹಾಕಿ, ಒಂದೊಂದಕ್ಕೆ ಕಾಲು ಗಂಟೆ. 3 ಗಂಟೆ, 10 ಗಂಟೆ, 5 ಗಂಟೆ, ಒಟ್ಟು 18 ಗಂಟೆ. ದಿನಕ್ಕೆ ಅರ್ಧ ಗಂಟೆಯಂತೆ 36 ದಿನ. ನಡುವೆ ಎಷ್ಟೇ ದಿನ ತಪ್ಪಿದರೂ ಮದುವೆಗೆ ಬಹಳ ಮುಂಚೆಯೇ ಮುಗಿಯುತ್ತದೆ. ನೋಡಿದ ಯಾರೂ ಇದು ಅರ್ಧಕ್ಕೆ ನಿಂತಿತ್ತು ಅನ್ನುವುದಿಲ್ಲ. ಹಳೇ ಪದ್ಧತಿ ಗೊತ್ತಿದೆಯಲ್ಲ ಈ ಅಮ್ಮನಿಗೆ, ಅನ್ನುತ್ತಾರೆ.

ದಾರದ ವಿಚಾರದಲ್ಲಿ ಎಚ್ಚರ. ನಾಲ್ಕು ವರ್ಷದ ಹಿಂದಿನ ಲಡಿ ಉಳಿದಿದ್ದರೆ ಅದನ್ನು ಎಂಟನೇ ಗೋಪುರಕ್ಕೇ ಮೀಸಲಿಡಿ. ಒಂದೇ ಕಂಪನಿ, ಒಂದೇ ನಂಬರ್ ಆದರೂ ಬೇರೆ ಸಲ ಬಣ್ಣ ಹಾಕಿದ ದಾರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರಬಹುದು. ಒಂದೇ ಸಾಲಿನಲ್ಲಿ ಅದು ಎದ್ದು ಕಾಣುತ್ತದೆ, ಬೇರೆ ಸಾಲಿನಲ್ಲಿ ಗೊತ್ತಾಗುವುದಿಲ್ಲ. ಕೆಂಪು ದಾರವನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಒತ್ತಿ, ಬಣ್ಣ ಬಿಡುತ್ತದೆಯೇ ನೋಡಿಕೊಂಡೇ ಶುರು ಮಾಡಿ.

ಪ್ರತಿ ಸಲ ಏಳುವ ಮುಂಚೆ ಒಂದು ಚೀಟಿ ಬರೆದು ಬಟ್ಟೆಯ ಜೊತೆ ಇಡಿ. "ಬಲಗಡೆ ಮೂರನೇ ಮೆಟ್ಟಿಲು, ಮುಂದಿನ ಹೊಲಿಗೆ ಕೆಳಗೆ" ಅನ್ನುವಷ್ಟು ಸಾಕು. ಅರ್ಧ ಬಿಟ್ಟ ಕೆಲಸ ಮನಸ್ಸಿನಲ್ಲಿ ಕೊರೆಯುತ್ತಲೇ ಇರುತ್ತದೆ ಅನ್ನುತ್ತೇವಲ್ಲ, ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಅದರ ಬಗ್ಗೆ ಪ್ರಯೋಗಗಳನ್ನು ಪ್ರಕಟಿಸಿದರು. ಕೆಲಸ ಮುಗಿಯದಿದ್ದರೂ, ಯಾವಾಗ, ಎಲ್ಲಿ, ಹೇಗೆ ಮಾಡುತ್ತೇನೆ ಎಂದು ಖಚಿತವಾಗಿ ಗೊತ್ತುಮಾಡಿಕೊಂಡವರಿಗೆ ಆ ಕೊರೆತ ಕಡಿಮೆಯಾಗಿತ್ತು. ನನಗೆ ಚೀಟಿಯ ಉಪಯೋಗ ಅದಕ್ಕಿಂತ ಸರಳ. ಹತ್ತು ದಿನ ಬಿಟ್ಟು ಬಂದರೂ ಎಲ್ಲಿಂದ ಶುರು ಎಂದು ಹುಡುಕಬೇಕಿಲ್ಲ. ಆ ಹುಡುಕಾಟಕ್ಕೆ ಅಂಜಿಯೇ ಎಷ್ಟೋ ಜನ ಮತ್ತೆ ಬಟ್ಟೆ ಬಿಚ್ಚುವುದಿಲ್ಲ.

ಈಗ ನಿಮ್ಮ ಸುತ್ತಲಿನವರ ಅಭಿಪ್ರಾಯಗಳು.

ಅತ್ತೆಯವರು ದೊಡ್ಡವರು, ಅವರ ಮಾತಿಗೆ ಎದುರಾಡಬೇಕಿಲ್ಲ. ಆದರೆ ಹಿಡಿದ ಕೆಲಸ ಬಿಡಬಾರದು ಅನ್ನುವುದು ಹೊಲ, ಮನೆ, ಸಾಲಕ್ಕೆ ಸರಿ. ಹವ್ಯಾಸಕ್ಕೆ ಆ ನಿಯಮ ಹಾಕಿದರೆ ಯಾರೂ ಹೊಸದನ್ನು ಮುಟ್ಟುವುದೇ ಇಲ್ಲ. ಸೀರೆಗೆ ದುಡ್ಡು ಹಾಕಿದ್ದೇನೆ, 42 ಗಂಟೆ ಕೂತಿದ್ದೇನೆ, ಅದಕ್ಕಾಗಿ ಮುಗಿಸಬೇಕು ಎಂದೂ ಯೋಚಿಸಬೇಡಿ. ಆ ದುಡ್ಡು, ಆ ಹೊತ್ತು ಹೋಗಿಯಾಯಿತು, ಮುಗಿಸಿದರೂ ವಾಪಸು ಬರುವುದಿಲ್ಲ. ಇನ್ನು ಹಾಕಬೇಕಾದ 18 ಗಂಟೆಗೆ ಆ ಸೀರೆ ಯೋಗ್ಯವೇ ಅನ್ನುವುದಷ್ಟೇ ಪ್ರಶ್ನೆ. ಯೋಗ್ಯ ಅನ್ನುವುದು ನನ್ನ ಅಭಿಪ್ರಾಯ.

ನಾದಿನಿಯವರ ಮಷಿನ್ ಬಗ್ಗೆ ನನಗೆ ಜಗಳವಿಲ್ಲ. ದಿನಬಳಕೆಯ ಕುರ್ತಾ, ದಿಂಬಿನ ಚೀಲಕ್ಕೆ ಮಷಿನ್ ಕಸೂತಿ ಚೆನ್ನಾಗಿಯೇ ಇರುತ್ತದೆ. ಆದರೆ ಅಂಗಡಿಯಲ್ಲಿ ಕೈಕೆಲಸ ಎಂದು ಹೇಳಿ ಮಾರಿದರೆ ಬಟ್ಟೆ ತಿರುಗಿಸಿ. ಮಷಿನ್‌ನಲ್ಲಿ ಮೇಲಿನ ದಾರ ಬೇರೆ, ಕೆಳಗಿನ ಬಾಬಿನ್ ದಾರ ಬೇರೆ. ಹಿಂಬದಿಯಲ್ಲಿ ಸಾಮಾನ್ಯವಾಗಿ ಬಿಳಿ ದಾರದ ಗುಪ್ಪೆ ಕಾಣುತ್ತದೆ. ಗವಂತಿಗೆ ಹಿಂಬದಿ ಅನ್ನುವುದೇ ಇಲ್ಲ. ನಿಮ್ಮ ಏಳು ಕೈಗೋಪುರದ ಪಕ್ಕ ಒಂದು ಮಷಿನ್ ಗೋಪುರ ಹಾಕಿಸಿ ಸಾಲು ಮುಗಿಸುವ ಯೋಚನೆ ಇದ್ದರೆ ದಯವಿಟ್ಟು ಬೇಡ. ಅದಕ್ಕಿಂತ ಏಳಕ್ಕೇ ನಿಲ್ಲಿಸುವುದು ವಾಸಿ.

ಬೀಗರ ಕಪ್ಪು ಬಣ್ಣದ ಮಾತು ಸ್ವಲ್ಪ ಸೂಕ್ಷ್ಮ. ನಮ್ಮ ಧಾರವಾಡದ ಕಡೆ ಕಪ್ಪು ಚಂದ್ರಕಾಳಿ ಸೀರೆಗೆ ಕಸೂತಿ ಹಾಕಿ ಮದುಮಗಳಿಗೆ ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಅದಿಲ್ಲದೆ ಮದುವೆ ಜವಳಿ ಪೂರ್ತಿಯಾಗುತ್ತಿರಲಿಲ್ಲ. ಬೇರೆ ಕಡೆ ಕಪ್ಪು ಶುಭಕ್ಕೆ ಬೇಡ ಅನ್ನುತ್ತಾರೆ, ಅವರ ಪಾಲಿಗೆ ಅದೂ ನಿಜವೇ. ಮದುವೆ ಮಾತುಕತೆಯಲ್ಲಿ ಇದನ್ನು ವಾದ ಮಾಡಿ ಗೆಲ್ಲುವುದರಲ್ಲಿ ಅರ್ಥವಿಲ್ಲ. ಧಾರೆಗೆ ಅವರು ಹೇಳಿದ ಬಣ್ಣ ಉಡಿಸಿ. ಈ ಸೀರೆಯನ್ನು ಮದುವೆಯ ನಂತರದ ಮೊದಲ ಸಂಕ್ರಾಂತಿಗೆ ಕೊಡಿ. ಉತ್ತರ ಕರ್ನಾಟಕ, ಮಹಾರಾಷ್ಟ್ರದ ಎಷ್ಟೋ ಮನೆಗಳಲ್ಲಿ ಆ ದಿನ ಕಪ್ಪನ್ನೇ ಉಡುತ್ತಾರೆ. ಹಾಗೆ ಮಾಡಿದರೆ ನಿಮ್ಮ ಗಡುವೂ ಮುಂದಕ್ಕೆ ಹೋಗುತ್ತದೆ.

ಒಂದು ಅನುಮಾನ ಮಾತ್ರ ನನಗಿದೆ. ಅತ್ತೆ, ನಾದಿನಿ, ಬೀಗರು ಏನಂದರು ಎಂದು ಬರೆದಿದ್ದೀರಿ. ಮಗಳು ಏನಂದಳು ಎಂದು ಬರೆದಿಲ್ಲ. ಅವಳಿಗೆ ಈ ಸೀರೆ ಉಡುವ ಆಸೆ ಇದೆಯಾ? ಸೂಜಿಗೆ ದಾರ ಹಾಕುವ ಮುಂಚೆ ಅವಳನ್ನು ಕೇಳಿ. ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ. ಎಂಟನೆಯದನ್ನು ಮುಗಿಸಿ ನೀವೇ ಉಡಿ. 24 ಗೋಪುರ ಹಾಕಲೇಬೇಕು ಅನ್ನುವ ಹಟವಿದ್ದರೆ ಅದಕ್ಕೂ ಆಗ ಬೇಕಾದಷ್ಟು ಸಮಯ ಇರುತ್ತದೆ. ಕೂಸು ಹುಟ್ಟಿದರೆ ತಲೆಗೆ ಹಾಕುವ ಕುಂಚಿಗೆಗೆ ಕಸೂತಿ ಹಾಕುವುದೂ ನಮ್ಮಲ್ಲಿ ಇದೆ, ಅಂಗೈಯಗಲದ ಕೆಲಸ. ಆದರೆ ಆ ಮಾತನ್ನು ಮದುವೆಗೆ ಮುಂಚೆ ಮಗಳ ಮುಂದೆ ಎತ್ತಬೇಡಿ!

ಹಾರ್ಮೋನಿಯಂ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ನಾನು ಸಂಗೀತದವಳಲ್ಲ. ನಮ್ಮ ಕಡೆ ಮನೆಮನೆಗೆ ಪೇಟಿ ಇರುತ್ತಿತ್ತು, ಹಾಗಾಗಿ ಅದರ ಪಾಡು ಮಾತ್ರ ಗೊತ್ತು. ನುಡಿಸದೆ ಇಟ್ಟರೆ ತಿದಿ ಬಿರುಸಾಗುತ್ತದೆ, ಹುಳ ಹಿಡಿಯುತ್ತದೆ, ರೀಡ್ ಮೇಲೆ ಧೂಳು ಕೂತು ಸ್ವರ ಕಟ್ಟುತ್ತದೆ. ಯಾವ ಕೀಯನ್ನೂ ಒತ್ತದೆ ಬರೀ ತಿದಿ ಹಾಕಿ ನೋಡಿ. ಆಗಲೂ ಸ್ವರ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ, ರಿಪೇರಿಯವರಿಗೆ ತೋರಿಸಬೇಕು. ಸೀರೆ ಅರ್ಧಕ್ಕೆ ನಿಂತರೆ ಅಲ್ಲೇ ಇರುತ್ತದೆ, ಪೇಟಿ ಹಾಗಲ್ಲ, ಇಟ್ಟಷ್ಟೂ ಕೆಡುತ್ತದೆ. ಈ ವರ್ಷ ಕಲಿಯಲು ಕೂರುವುದಿಲ್ಲ ಎಂದಾದರೆ ಯಾವುದಾದರೂ ಭಜನಾ ಮಂಡಳಿಗೆ ಬಳಸಲು ಕೊಡಿ. ಬೇಕೆನಿಸಿದಾಗ ನೀವೂ ಅಲ್ಲಿಗೇ ಹೋಗಿ ಕಲಿಯಬಹುದು. ಅಂದ ಹಾಗೆ, 1940ರಿಂದ ಸುಮಾರು ಮೂರು ದಶಕ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ಪ್ರವೇಶವೇ ಇರಲಿಲ್ಲ, ಭಾರತೀಯ ಸಂಗೀತಕ್ಕೆ ಅದು ಒಗ್ಗುವುದಿಲ್ಲ ಎಂದು ದೊಡ್ಡ ದೊಡ್ಡವರೇ ಹೇಳಿದ್ದರು. ಇವತ್ತು ಹಿಂದೂಸ್ತಾನಿ ಕಛೇರಿಯಲ್ಲಿ ಪೇಟಿ ಇಲ್ಲದಿದ್ದರೆ ಜನ ಯಾಕೆ ಎಂದು ಕೇಳುತ್ತಾರೆ. ಬೀಗರ ಮಾತು ಮನಸ್ಸಿಗೆ ಹತ್ತಿದಾಗ ಇದನ್ನು ನೆನಪಿಸಿಕೊಳ್ಳಿ.

ಅಂಚೆಚೀಟಿ ಆಲ್ಬಮ್‌ ಅನ್ನು ಈ ಪಟ್ಟಿಯಿಂದಲೇ ತೆಗೆದುಹಾಕಿ. ಸಂಗ್ರಹಕ್ಕೆ ಮುಗಿಯುವುದು ಅಂತ ಒಂದಿಲ್ಲ, ಹಾಗಾಗಿ ಅದು ಅರ್ಧಕ್ಕೆ ನಿಂತ ಕೆಲಸವೂ ಅಲ್ಲ. ಮಳೆಗಾಲ ಬರುವ ಮುಂಚೆ ಒಮ್ಮೆ ತೆರೆದು ಗಾಳಿಯಾಡಿಸಿ. ಪುಟಗಳು ಕಳಪೆ ಪ್ಲಾಸ್ಟಿಕ್‌ನದಾಗಿದ್ದರೆ ಕಾಗದದ ಪುಟಕ್ಕೆ ಬದಲಿಸಿ. ಚೀಟಿಗಳನ್ನು ಬೆರಳಿನಿಂದ ಮುಟ್ಟದೆ ಚಿಮುಟದಿಂದ ಎತ್ತಿ. ಆಲ್ಬಮ್ ಅನ್ನು ಬೀರುವಿನಲ್ಲಿ ನೇರವಾಗಿ ನಿಲ್ಲಿಸಿ ಇಡಿ. ಮಲಗಿಸಿಟ್ಟರೆ ಭಾರಕ್ಕೆ, ತೇವಕ್ಕೆ ಚೀಟಿಗಳು ಪುಟಕ್ಕೆ ಅಂಟಿಕೊಳ್ಳುತ್ತವೆ. ಈಗಾಗಲೇ ಅಂಟಿದ್ದರೆ ಕೀಳಬೇಡಿ, ಪುಟದ ಸಮೇತ ಹಾಗೇ ಇರಲಿ.

ಕೊನೆಗೆ ಸ್ವಭಾವದ ಕೊರತೆ ಎಂದಿರಿ. ಪತ್ರದಲ್ಲಿ ನನಗೆ ಕಂಡದ್ದು ಒಂದು ತಪ್ಪಿದ ಎಣಿಕೆ, ಬಹುಶಃ ಮಾಡಿಸದೆ ಉಳಿದ ಒಂದು ಕನ್ನಡಕ, ಮತ್ತು ಮೊದಲೇ ಜಾಸ್ತಿ ದೊಡ್ಡದಾಗಿ ಹಾಕಿಕೊಂಡ ಯೋಜನೆ. ಕನ್ನಡಕ ಬಂದ ಮೇಲೆ ಎಂಟನೆಯದನ್ನು ಎಣಿಸಿ ನೋಡಿ. ಆಗಲೂ ಕೂಡದಿದ್ದರೆ ಸೀರೆಯ ಎರಡೂ ಮುಖದ ಫೋಟೋ ತೆಗೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಕಳಿಸಿ. ನೆಟ್‌ನ ಕಣ್ಣು ಸ್ಪಷ್ಟವಾಗಿ ಕಾಣುವಂತಿರಲಿ. ಯಾವ ಮೆಟ್ಟಿಲಿನಲ್ಲಿ ತಪ್ಪಿದೆ ಎಂದು ಗುರುತು ಹಾಕಿ ಕಳಿಸುತ್ತೇನೆ.